ಎರಡು ಗೆರೆ ಕಂಡಿವೆ

ರಕ್ತ ಸುಳ್ಳು ಹೇಳುವುದಿಲ್ಲ ಎಂಬುದು ಬಲ್ಲವರ ಮಾತು. ಹಾಗೆಂದ ಬಲ್ಲವರು ಯಾರೂ ಹೊನ್ನಾಳಿಯಿಂದ ದಾವಣಗೆರೆಗೆ ಮಧ್ಯಾಹ್ನದ ಬಸ್ಸಿನಲ್ಲಿ ರಕ್ತ ಕಳಿಸಿ ನೋಡಿದವರಲ್ಲ. ದಾರಿಯುದ್ದಕ್ಕೂ ಕುಲುಕಾಡಿ, ಬಿಸಿಲಿಗೆ ಬೆಂದು ತಲುಪಿದ ರಕ್ತ ಅಲ್ಲಿ ಇಲ್ಲದ ರೋಗವನ್ನೆಲ್ಲ ಒಪ್ಪಿಕೊಂಡುಬಿಡುತ್ತದೆ, ಏಟಿಗೆ ಹೆದರಿದ ಸಜ್ಜನನ ಹಾಗೆ. ಈ ಜ್ಞಾನವನ್ನು ನನಗೆ ದಯಪಾಲಿಸಿದವರು ನನ್ನ ಔಷಧಿ ಅಂಗಡಿಯ ಪಕ್ಕದ ಮಳಿಗೆಯಲ್ಲಿ ಹದಿನಾಲ್ಕು ವರ್ಷ ರಕ್ತ, ಮೂತ್ರ, ಕಫಗಳ ಪರೀಕ್ಷೆ ಮಾಡಿಕೊಂಡಿದ್ದ ಒಬ್ಬ ಗೃಹಸ್ಥರು. ಕಳೆದ ತಿಂಗಳು ಚನ್ನಗಿರಿಯಲ್ಲಿ ತೀರಿಕೊಂಡರು. ಅವರ ತಂಗಿ ಫೋನ್ ಮಾಡಿ ಸುದ್ದಿ ತಿಳಿಸಿ, ಅಣ್ಣ ನಿಮ್ಮ ಹೆಸರು ಆಗಾಗ ತೆಗೆಯುತ್ತಿದ್ದ ಎಂದರು. ಏನೆಂದು ತೆಗೆಯುತ್ತಿದ್ದರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ಊರಿನಲ್ಲಿ ಯಾರಿಗೂ ಗುರುತು ಹತ್ತಲಿಕ್ಕಿಲ್ಲ. ಎಲ್ಲರ ಬಾಯಲ್ಲೂ ಅವರು ಲ್ಯಾಬಣ್ಣ. ತೆಳ್ಳಗಿನ ಆಳು, ಎಂಥ ಬೇಸಿಗೆಯಲ್ಲೂ ಅಂಗಿಯ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡಿರುತ್ತಿದ್ದರು. ಜೇಬಿನಲ್ಲಿ ಸದಾ ಎರಡು ಪೆನ್ನು. ಒಂದು ಬರೆಯಲಿಕ್ಕೆ, ಇನ್ನೊಂದು ಕೇಳಿದವರಿಗೆ ಕೊಡಲಿಕ್ಕೆ. ಕೊಡುವ ಪೆನ್ನಿನಲ್ಲಿ ಶಾಯಿ ಇರುತ್ತಿರಲಿಲ್ಲ.

ನಮ್ಮಿಬ್ಬರ ಮಳಿಗೆಗಳು ಮೊದಲು ಒಂದೇ ಆಗಿದ್ದವು. ಮಾಲೀಕರು ನಡುವೆ ಪ್ಲೈವುಡ್ ಹೊಡೆಸಿ ಎರಡು ಮಾಡಿದ್ದರು. ಚೀಟಿ ಆಚೀಚೆ ಕೊಡಲಿಕ್ಕೆಂದು ಒಂದು ಕಿಂಡಿ ಬಿಟ್ಟಿದ್ದರು. ಆ ಗೋಡೆ ಮರ್ಯಾದೆಗೆ ಮಾತ್ರ ಗೋಡೆ. ಆಚೆ ಯಾರು ಏನು ಪಿಸುಗುಟ್ಟಿದರೂ ಈಚೆ ಕೇಳುತ್ತಿತ್ತು. ಪರರ ಗುಟ್ಟು ಕಿವಿಗೆ ಬೀಳಬಾರದೆಂದು ನಾನು ಒಂದು ರೇಡಿಯೊ ತಂದಿಟ್ಟುಕೊಂಡಿದ್ದೆ. ಅದನ್ನು ಹಚ್ಚುತ್ತಿರಲಿಲ್ಲ.

ಬಸಿರಿನ ಪರೀಕ್ಷೆಯ ಪಟ್ಟಿಯನ್ನು ಈಗ ನೋಡದವರಿಲ್ಲ. ನಾನೂ ಡಬ್ಬಿಗಟ್ಟಲೆ ಮಾರಿದ್ದೇನೆ. ಮೂತ್ರದ ನಾಲ್ಕು ಹನಿ ಬಿಟ್ಟ ಮೇಲೆ ಒಂದು ಗೆರೆ ಮೂಡಿದರೆ ಇಲ್ಲ, ಎರಡು ಮೂಡಿದರೆ ಹೌದು. ಬೇರೆ ಲ್ಯಾಬುಗಳಲ್ಲಿ ಎರಡು ಗೆರೆ ಬಂದರೆ ಪಾಸಿಟಿವ್ ಎಂದು ಬರೆದು ಕೊಡುತ್ತಾರೆ. ನಮ್ಮ ಲ್ಯಾಬಣ್ಣ ಹಾಗೆ ಬರೆದವರಲ್ಲ. ಅವರ ಕಾಗದದಲ್ಲಿ ಕನ್ನಡದಲ್ಲಿ, ದುಂಡನೆಯ ಅಕ್ಷರದಲ್ಲಿ, ‘ಎರಡು ಗೆರೆ ಕಂಡಿವೆ’ ಎಂದಿರುತ್ತಿತ್ತು. ಅಷ್ಟೇ. ಅದೂ ಪ್ರತಿಯೊಬ್ಬರಿಗೂ ಎರಡೆರಡು ಸಲ ಪರೀಕ್ಷೆ ಮಾಡಿದ ಮೇಲೆ.

ಒಮ್ಮೆ ಹೊಸದಾಗಿ ಮದುವೆಯಾದ ಒಬ್ಬಾತ ಮುಂಚಿತವಾಗಿಯೇ ಪೇಡೆಯ ಡಬ್ಬಿ ಹಿಡಿದು ಬಂದು ಕಾದು ಕೂತಿದ್ದ. ಕಾಗದ ನೋಡಿ ಅವನ ಮುಖ ಗಲಿಬಿಲಿಯಾಯಿತು. ಎರಡು ಗೆರೆ ಎಂದರೆ ಏನರ್ಥ ಎಂದು ಕೇಳಿದ. ಲೇಡಿ ಡಾಕ್ಟ್ರಿಗೆ ತೋರಿಸ್ರಿ, ಸ್ಕ್ಯಾನ್ ಮಾಡಿ ಅರ್ಥ ಹೇಳ್ತಾರೆ ಎಂದರು ಇವರು.

“ಅಂದ್ರೆ ಪೇಡೆ ಹಂಚಬಹುದೋ ಬ್ಯಾಡವೋ, ಅಷ್ಟು ಹೇಳ್ರಿ ಸಾಕು.”

“ಪೇಡೆ ನಾಳೆ ತನಕ ಕೆಡಲ್ಲ.”

ಅವರ ಇನ್ನೊಂದು ವಿಚಿತ್ರ ಇನ್ನೂ ವಿಚಿತ್ರವಾದದ್ದು. ನಮ್ಮ ಕಡೆ ‘ನಿಂತೈತೆ’ ಎಂಬ ಒಂದು ಮಾತು ಹತ್ತು ಕೆಲಸ ಮಾಡುತ್ತದೆ. ಮಳೆ ನಿಂತೈತೆ, ಬಸ್ಸು ನಿಂತೈತೆ, ಗಡಿಯಾರ ನಿಂತೈತೆ. ಹೆಂಗಸರು ಕಿವಿಯಲ್ಲಿ ಹೇಳಿಕೊಳ್ಳುವಾಗ, ಮುಟ್ಟು ನಿಂತರೂ ನಿಂತೈತೆ, ಗರ್ಭ ನಿಂತರೂ ನಿಂತೈತೆ. ಕೇಳಿದವರು ಎರಡನ್ನೂ ಒಂದೇ ಎಂದು ತಿಳಿದುಕೊಳ್ಳುತ್ತಾರೆ. ಬಹುಮಟ್ಟಿಗೆ ಒಂದೇ ಆಗಿರುತ್ತದೆ ಕೂಡ. ಈ ಮಹಾನುಭಾವರು ಆ ಮಾತನ್ನು ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಬಿಟ್ಟರೆ ಬಾಯಿಂದ ಆಡಿದ್ದನ್ನು ನಾನು ಕೇಳಿಲ್ಲ. ಮಳೆ ಬಿಟ್ಟಿತು ಎನ್ನುವರು. ಗಡಿಯಾರ ನಡೀತಿಲ್ಲ ಎನ್ನುವರು. ಇದನ್ನು ಮೊದಲು ಪತ್ತೆ ಹಚ್ಚಿದವನು ಎದುರಿನ ಮಂಡಕ್ಕಿ ಅಂಗಡಿಯವನು. ಪತ್ತೆ ಹಚ್ಚಿದ ಮೇಲೆ ಬಿಡುತ್ತಾನೆಯೇ. ನಾಲ್ಕು ಜನ ಮೆಣಸಿನಕಾಯಿ ಬೋಂಡ ತಿನ್ನುತ್ತ ಕೂತಾಗ ಶುರುಮಾಡುತ್ತಿದ್ದ.

“ಲ್ಯಾಬಣ್ಣ, ಶಿವಮೊಗ್ಗದ ಬಸ್ಸು ಹೊಂಟೋಯ್ತೇನು ನೋಡ್ರಿ.”

“ಇಲ್ಲ, ಐತೆ.”

“ಐತೆ ಅಂದ್ರೆ, ಓಡ್ತಾ ಐತೋ?”

“ಓಡ್ತಿಲ್ಲ.”

“ಓಡದೆ ಮತ್ತೇನು ಮಾಡ್ತೈತ್ರೀ?”

“ಸ್ಟ್ಯಾಂಡಿನಾಗೆ ಐತೆ.”

ಎಲ್ಲರೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಮುಚ್ಚಿಡುವುದು ಸರಿಯಲ್ಲವಾದ್ದರಿಂದ ಬರೆದಿದ್ದೇನೆ.

ಮೂರನೆಯದನ್ನು ಕೇಳಿ ನಗುವಂತಿರಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಮ್ಮ ಸಾಲಿನಲ್ಲಿ ಗಿರಾಕಿ ಇರುವುದಿಲ್ಲ. ಆ ಹೊತ್ತಿನಲ್ಲಿ ಪ್ಲೈವುಡ್ಡಿನ ಆಚೆಯಿಂದ ಅವರ ದನಿ ಕೇಳುತ್ತಿತ್ತು. “ನೋಡಿದೆ ತಾಯಿ. ಎರಡು ಸಲ ನೋಡಿದೆ.” ಯಾರೋ ರೋಗಿ ಬಂದಿರಬೇಕು ಎಂದುಕೊಳ್ಳುತ್ತಿದ್ದೆ. ಒಂದು ದಿನ ಚೀಟಿಯೊಂದನ್ನು ಕೊಡಲು ಅದೇ ಕ್ಷಣಕ್ಕೆ ಕಿಂಡಿಗೆ ಬಗ್ಗಿದೆ. ಒಳಗೆ ಅವರೊಬ್ಬರೇ. ಸೂಕ್ಷ್ಮದರ್ಶಕದ ಮುಂದೆ ಕೂತು, ಮುಖವನ್ನು ಮಾತ್ರ ಬಾಗಿಲ ಪಕ್ಕದ ಬೆಂಚಿನ ಕಡೆ ತಿರುಗಿಸಿದ್ದರು. ಬೆಂಚು ಖಾಲಿ. ಅವರು ನನ್ನನ್ನು ಕಂಡು ಗಾಬರಿಯಾಗಲಿಲ್ಲ. ಎದ್ದು ಬಂದು ಚೀಟಿ ಇಸಕೊಂಡು ಹೋದರು. ನಾನೇ ಆ ದಿನ ರೇಡಿಯೊ ಹಚ್ಚಿದೆ.

ಮಾತಿಗೆ ಸಿಕ್ಕರೆ ಅವರ ವಿಷಯ ಒಂದೇ. ಯಾವುದೋ ವೈದ್ಯಕೀಯ ಪುಸ್ತಕದ ಹತ್ತಾರು ಪುಟ ಜೆರಾಕ್ಸ್ ಮಾಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು. ಇಂಗ್ಲಿಷಿನ ಪ್ರತಿ ಸಾಲಿನ ಕೆಳಗೂ ಪೆನ್ಸಿಲಿನಲ್ಲಿ ಕನ್ನಡ. ಹೆಣ್ಣುಮಕ್ಕಳ ಅಂಡಾಶಯದಲ್ಲಿ ಮುಂದೆ ಅಂಡಾಣುವಾಗಬೇಕಾದ ಮೂಲಜೀವಕೋಶಗಳು ಹುಟ್ಟಿನಿಂದಲೇ ಇರುತ್ತವಂತೆ. ಅಪರೂಪಕ್ಕೆ ಅವುಗಳಲ್ಲಿ ಒಂದು ಕೆಟ್ಟು ಗಡ್ಡೆಯಾಗುತ್ತದಂತೆ. ಮುದುಕಿಯರಿಗಿಂತ ಎಳೆಯ ಹುಡುಗಿಯರಲ್ಲಿಯೇ ಅದು ಹೆಚ್ಚಂತೆ. ಬಹಳ ಬೇಗ ಬೆಳೆಯುತ್ತದಂತೆ, ಬೇಗ ಕಂಡುಹಿಡಿದರೆ ಬಹಳ ಮಟ್ಟಿಗೆ ವಾಸಿಯಾಗುತ್ತದಂತೆ.

“ಆ ಕೋಶಕ್ಕೆ ಗೊತ್ತಿರೋದು ಒಂದೇ ಕಸುಬು ಯಜಮಾನ್ರೇ, ಕೂಸು ಮಾಡೋದು. ಕೆಟ್ಟು ಗಡ್ಡೆ ಆದ್ರೂ ಅದನ್ನೇ ಮಾಡಾಕೆ ನೋಡ್ತೈತೆ” ಎಂದಿದ್ದರು ಒಮ್ಮೆ. ಹಾಗಾಗಿ ಬಸಿರಿನಲ್ಲಿ ರಕ್ತಕ್ಕೆ ಬರುವ ವಸ್ತುಗಳು ಈ ಗಡ್ಡೆಯಿಂದಲೂ ಬರುತ್ತವೆ. ಅವರು ಅದನ್ನು ಮೂರು ಸಾಕ್ಷಿಗಳ ಲೆಕ್ಕದಲ್ಲಿ ವಿವರಿಸುತ್ತಿದ್ದರು. ಮೊದಲನೆಯದು ಎಎಫ್‌ಪಿ. ಅದು ಬಸಿರಿನಲ್ಲಿರುವ ಕೂಸಿನ ಮೈಯಲ್ಲಿ ಹುಟ್ಟುವಂಥದ್ದು, ದೊಡ್ಡವರ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎರಡನೆಯದು ಬೀಟಾ ಎಚ್‌ಸಿಜಿ. ಕೂಸನ್ನು ಪೋಷಿಸುವ ಮಾಸಿನಿಂದ ಹುಟ್ಟುವ ವಸ್ತು, ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಿಸುವುದು ಇದೇ. ಮೂರನೆಯದು ಎಲ್‌ಡಿಎಚ್. ಎಲ್ಲಿ ಜೀವಕೋಶ ಒಡೆದರೂ ಹೊರಗೆ ಬರುವ ಚಾಡಿಕೋರ. ಬಸ್ಸಿನ ಕುಲುಕಾಟಕ್ಕೆ ಸೀಸೆಯೊಳಗೆ ರಕ್ತಕಣ ಒಡೆದರೂ ಸಾಕು, ಏರಿಬಿಡುತ್ತದೆ. ಒಂಟಿಯಾಗಿ ಅದರ ಮಾತು ನಂಬಬಾರದು. ಆದರೆ ಒಂದು ಜಾತಿಯ ಗಡ್ಡೆಯಲ್ಲಿ ಮೊದಲು ಬಾಯಿ ಬಿಡುವುದು ಅದೇ. ಯಾವ ಸಾಕ್ಷಿ ಮಾತಾಡಿತು, ಯಾವುದು ಸುಮ್ಮನೆ ಕೂತಿತು ಎಂಬುದರ ಮೇಲೆ ಗಡ್ಡೆಯ ಕುಲಗೋತ್ರ ತಿಳಿಯುತ್ತದೆ. ಒಂದೇ ಸಾಕ್ಷಿ ಕೇಳಿ ಶಿಕ್ಷೆ ಬರೆಯಬಾರದು. ಇಷ್ಟು ಹೇಳಿ ಜೆರಾಕ್ಸನ್ನು ಮಡಿಸಿ ಕವರಿನೊಳಗೆ ಇಡುವರು.

ನನಗೆ ಇದು ಒಂದು ಹುಚ್ಚು ಎನ್ನಿಸುತ್ತಿತ್ತು. ಹೊನ್ನಾಳಿಯಂಥ ಊರಿಗೆ ಎಂದೋ ಒಮ್ಮೆ ಬಂದರೂ ಬಂತು ಎನ್ನುವ ಕಾಯಿಲೆಗೆ ಈ ಮನುಷ್ಯ, ಬಾರದ ನೆಂಟನಿಗೆ ದಿನಾ ಎಲೆ ಹಾಕಿ ಕಾಯುವವರ ಹಾಗೆ, ತಯಾರಾಗಿ ಕೂತಿದ್ದಾರಲ್ಲ ಎಂದು ಮನೆಯಲ್ಲಿ ಹೇಳಿ ನಗುತ್ತಿದ್ದೆ.

ನೆಂಟಳು ಬಂದಳು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ನ್ಯಾಮತಿಯ ಬಸ್ಸಿಳಿದು ತಾಯಿ ಮಗಳು ಮೊದಲು ನನ್ನ ಅಂಗಡಿಗೇ ಬಂದರು. ತಾಯಿ ನ್ಯಾಮತಿಯಲ್ಲಿ ರವಿಕೆ ಹೊಲಿಯುವವರು. ಅಲ್ಲಿ ಎಲ್ಲರೂ ಗುರುತಿನವರಾದ್ದರಿಂದ ಹೊನ್ನಾಳಿಗೆ ಬಂದಿದ್ದರು. ಮಗಳು ಡಿಗ್ರಿ ಮೊದಲ ವರ್ಷ, ಹತ್ತೊಂಬತ್ತರ ಹುಡುಗಿ, ವೇಲನ್ನು ಹೊಟ್ಟೆಯ ಮೇಲೆ ಹರಡಿಕೊಂಡು ಬೀದಿಯ ಕಡೆ ಮುಖ ಮಾಡಿ ನಿಂತಿದ್ದಳು. ತಾಯಿ ಕೌಂಟರಿನ ಮೇಲೆ ಬಗ್ಗಿ, ಮುಟ್ಟು ಬರುವ ಮಾತ್ರೆ ಬೇಕು ಎಂದರು. ಎರಡು ತಿಂಗಳಲ್ಲಿ ಎರಡು ಸಲ ಇವಳ ಚೂಡಿದಾರದ ಹೊಲಿಗೆ ಬಿಚ್ಚಿ ಅಗಲ ಮಾಡಿದೀನಿ ಯಜಮಾನ್ರೇ, ಇನ್ನು ಬಿಚ್ಚಾಕೆ ಬಟ್ಟೆ ಇಲ್ಲ ಎಂದರು.

ನಾನು ಧರ್ಮರಾಯನ ಮುಖ ಮಾಡಿ, ಡಾಕ್ಟರ ಚೀಟಿ ಇಲ್ಲದೆ ಅಂಥದ್ದನ್ನು ಕೊಡುವುದಿಲ್ಲ, ಮೊದಲು ಪಕ್ಕದಲ್ಲಿ ಪರೀಕ್ಷೆ ಮಾಡಿಸಿ ಎಂದು ಕಳಿಸಿದೆ. ಹುಡುಗಿಯ ವಿಚಾರದಲ್ಲಿ ನನ್ನ ಮನಸ್ಸು ಆಗಲೇ ತೀರ್ಪು ಬರೆದು ಸಹಿ ಹಾಕಿಯಾಗಿತ್ತು.

ಆಚೆ ಒಂದು ಸಲ ಪರೀಕ್ಷೆಯಾಯಿತು. ಇನ್ನೊಂದು ಸಲವೂ ಆಯಿತು. ಎರಡು ಗೆರೆ ಕಂಡಿವೆ, ಎರಡನೆಯದು ತೆಳ್ಳಗೈತೆ ಎಂದರು ಲ್ಯಾಬಣ್ಣ.

“ಅಂದ್ರೆ ನಿಂತೈತಾ ಸ್ವಾಮಿ?”

ಲೇಡಿ ಡಾಕ್ಟ್ರಿಗೆ ತೋರಿಸ್ರಿ ಎಂದರು ಇವರು. ತಾಯಿ ಮಗಳ ಕಡೆ ತಿರುಗಿ, ಯಾರು ಹೇಳು ಎಂದರು. ಆಗ ಆಕೆ ಅಳಲಿಲ್ಲ, ಹೊಡೆಯಲೂ ಇಲ್ಲ. ಬಟ್ಟೆ ಕತ್ತರಿಸುವ ಮೊದಲು ಅಳತೆ ನೋಡುವವರ ದನಿಯಲ್ಲಿ, ಉಬ್ರಾಣಿಯಲ್ಲಿ ತಂಗಿ ಮನೆ ಐತೆ, ಈಗಲೇ ಕರ್ಕೊಂಡು ಹೋಗಿ ಬಿಟ್ಟು ಬರ್ತೀನಿ, ಆಗೋದು ಅಲ್ಲೇ ಆಗ್ಲಿ ಎಂದು ಎದ್ದರು. ಕುರ್ಚಿ ಸರಿದ ಸದ್ದಾಯಿತು. ನಾನು ಕಿಂಡಿಗೆ ಬಗ್ಗಿದೆ. ಲ್ಯಾಬಣ್ಣ ಬಾಗಿಲಿಗೆ ಅಡ್ಡ ನಿಂತಿದ್ದರು.

“ನೀನೇನಂತೀಯಮ್ಮ?” ಎಂದು ಹುಡುಗಿಯನ್ನು ಕೇಳಿದರು.

ಅವಳನ್ನು ಯಾರೂ ಅದುವರೆಗೆ ಹಾಗೆ ಕೇಳಿರಲಿಲ್ಲ ಎಂದು ಕಾಣುತ್ತದೆ. ತಡೆದು ತಡೆದು ಹೇಳಿದಳು. “ಬಲಗಡೆ ಗಟ್ಟಿ ಐತೆ ಸಾರ್. ಬಗ್ಗಿದ್ರೆ ನೋವು. ಅವ್ವ ಕೇಳ್ತಿಲ್ಲ. ನಾನು ಏನೂ ಮಾಡಿಲ್ಲ.”

“ಎಲ್ರೂ ಹಂಗೇ ಅನ್ನೋದು” ಎಂದರು ತಾಯಿ.

“ನಾನೂ ಹಂಗೇ ಅಂದಿದ್ದೆ ತಾಯಿ, ಜಗಳೂರಿನಾಗೆ” ಎಂದರು ಲ್ಯಾಬಣ್ಣ.

ಆಮೇಲೆ ಅವರು ಹೇಳಿದ್ದನ್ನು ನಾನು ಕಿಂಡಿಯ ಬಳಿ ನಿಂತೇ ಕೇಳಿದೆ. ಹೊನ್ನಾಳಿಗೆ ಬರುವ ಮೊದಲು ಅವರು ಜಗಳೂರಿನಲ್ಲಿ ಒಬ್ಬ ಖಾಸಗಿ ವೈದ್ಯರ ಬಳಿ ಪರೀಕ್ಷೆಯ ಕೆಲಸದಲ್ಲಿದ್ದರು. ವೈದ್ಯರು ಊರಲ್ಲಿಲ್ಲದ ದಿನ ಒಬ್ಬ ತಾಯಿ ಮಗಳನ್ನು ಕರೆತಂದಳು. ಮದುವೆಯಾಗದ ಹುಡುಗಿ, ಉಬ್ಬಿದ ಹೊಟ್ಟೆ. ಪಟ್ಟಿಯ ಮೇಲೆ ಎರಡು ಗೆರೆ ಬಂದವು. ತಾಯಿ, ಏನಾಗೈತೆ ಅಂದಳು. ಇವರು ಒಂದೇ ಮಾತು ಹೇಳಿದರು: ನಿಂತೈತೆ. ಹುಡುಗಿ, ನಾನೇನೂ ಮಾಡಿಲ್ಲ, ಇನ್ನೊಂದ್ಸಲ ನೋಡ್ರಿ ಸಾರ್ ಎಂದು ಬೆಂಚು ಬಿಟ್ಟು ಏಳಲಿಲ್ಲ. ಎಲ್ಲರೂ ಹಾಗೇ ಅನ್ನೋದು ಎಂದು ಇವರು ನಕ್ಕು, ಮತ್ತೊಂದು ಪಟ್ಟಿ ತೆಗೆದು ನೋಡಿದರು. ಅದರಲ್ಲೂ ಎರಡು. ನೋಡಿದೆ ತಾಯಿ, ಎರಡು ಸಲ ನೋಡಿದೆ ಎಂದು ಆ ಹುಡುಗಿಗೆ ಹೇಳಿದರು. ತಾಯಿ ಅವಳನ್ನು ದೂರದ ಹಳ್ಳಿಯ ಬಂಧುಗಳ ಮನೆಯಲ್ಲಿ ಬಚ್ಚಿಟ್ಟಳು. ಹೆರಿಗೆಯಾಗಲಿ ಎಂದು ಕಾದರು. ಹುಡುಗಿಗೆ ಊಟ ಸೇರದಾಯಿತು, ಮೈ ಇಳಿಯಿತು, ಹೊಟ್ಟೆ ಮಾತ್ರ ಬೆಳೆಯಿತು. ಬಸಿರಿ ಅಂದಮೇಲೆ ಅದೆಲ್ಲ ಇದ್ದದ್ದೇ ಎಂದುಕೊಂಡರು. ದಿನ ತುಂಬಿದೆ ಎಂದು ಆಸ್ಪತ್ರೆಗೆ ಒಯ್ದಾಗ ಒಳಗೆ ಕೂಸಿರಲಿಲ್ಲ. ಗಡ್ಡೆ ಇತ್ತು, ಅದು ಶ್ವಾಸಕೋಶದವರೆಗೆ ಹೋಗಿತ್ತು.

“ಹುಡುಗಿ ತೀರಿಕೊಂಡು ತಿಂಗಳು ಕಳೆದ ಮ್ಯಾಲೆ ಆ ತಾಯಿ ನನ್ನ ಹುಡುಕ್ಕೊಂಡು ಬಂದ್ಲು” ಎಂದರು ಲ್ಯಾಬಣ್ಣ. “ಬೈಯಾಕೆ ಬಂದಾಳೆ ಅಂದ್ಕೊಂಡೆ. ಆಕೆ ಅಂದ್ಲು, ನಿಮ್ದೇನೂ ತಪ್ಪಿಲ್ಲಂತೆ ಸ್ವಾಮಿ, ಆ ಗಡ್ಡೆಗೂ ಎರಡು ಗೆರೆ ಬರ್ತಾವಂತೆ, ದೊಡ್ಡ ಡಾಕ್ಟ್ರು ಹೇಳಿದ್ರು, ನೀವು ನೋಡಿದ್ದು ಸರೀನೇ ಇತ್ತಂತೆ. ಇದನ್ನ ಹೇಳಾಕೆ ಬಂದಿದ್ಲು.”

ಲ್ಯಾಬಣ್ಣ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

“ನಿಮ್ಮ ಮಗಳಿಗೂ ಅದೇ ಅಂತ ನಾನು ಹೇಳಲ್ಲ. ಬಸಿರೇ ಇರಬಹುದು. ಒಂದು ಸ್ಕ್ಯಾನು, ಮೂರು ರಕ್ತ. ಅಷ್ಟಾದ ಮ್ಯಾಲೆ ಉಬ್ರಾಣಿಗಾದ್ರೂ ಕರ್ಕೊಂಡು ಹೋಗ್ರಿ, ಎಲ್ಲಿಗಾದ್ರೂ ಹೋಗ್ರಿ.”

ತಾಯಿ ಸುತ್ತ ನೋಡಿದರು. ಕಿಂಡಿಯಲ್ಲಿ ನನ್ನ ಮುಖ ಕಂಡಿತು. ಕದ್ದು ಕೇಳಿದ್ದಕ್ಕೆ ಆಕೆ ಬೇಸರಪಡುವ ಸ್ಥಿತಿಯಲ್ಲಿರಲಿಲ್ಲ. ಯಜಮಾನ್ರೇ, ನೀವು ಔಷಧಿ ಓದಿದೋರು, ಹಿಂಗೂ ಇರ್ತೈತಾ ಎಂದು ಕೇಳಿದರು. ನನಗೆ ತಿಳಿದದ್ದು ಪ್ಲಾಸ್ಟಿಕ್ ಕವರಿನ ಪಾಠವಷ್ಟೇ, ಅದನ್ನೂ ಅರ್ಧ ಕಿವಿಯಲ್ಲಿ ಕೇಳಿದ್ದು. ಆದರೂ, ಇರ್ತೈತಮ್ಮ, ರಕ್ತ ಕೊಡ್ರಿ ಎಂದೆ. ಪ್ರಕರಣದ ಗಂಧಗಾಳಿಯಿಲ್ಲದ ನಾಲ್ಕನೆಯ ಸಾಕ್ಷಿಯ ಮಾತನ್ನು ಆಕೆ ನಂಬಿ ಕೂತರು.

ಆಮೇಲಿನದು ಲ್ಯಾಬಣ್ಣನ ಕೆಲಸದ ವೈಖರಿ. ರಕ್ತವನ್ನು ನಿಧಾನವಾಗಿ, ನೊರೆಯೇಳದ ಹಾಗೆ ಎಳೆದರು. ಹೆಪ್ಪುಗಟ್ಟುವವರೆಗೆ ಕಾದು, ಯಂತ್ರದಲ್ಲಿ ತಿರುಗಿಸಿ, ಮೇಲೆ ತೇಲಿದ ಹೊಂಬಣ್ಣದ ನೀರನ್ನು ಬೇರೆ ಮಾಡಿ ಐಸಿನ ಡಬ್ಬಿಯಲ್ಲಿಟ್ಟರು. ಕೆಂಪು ಕಣಗಳೇ ಜೊತೆಗಿಲ್ಲದ ಮೇಲೆ ಬಸ್ಸು ಎಷ್ಟು ಕುಲುಕಿದರೇನು. ಅಷ್ಟರಲ್ಲಿ ಲೇಡಿ ಡಾಕ್ಟರ ಬಳಿ ಸ್ಕ್ಯಾನ್ ಆಯಿತು. ಗರ್ಭಕೋಶ ಖಾಲಿ. ಅದರ ಬಲಕ್ಕೆ ತೆಂಗಿನಕಾಯಿ ಗಾತ್ರದ ಗಟ್ಟಿ ಗಡ್ಡೆ. ಡಾಕ್ಟರು ಆ ದಿನವೇ ದಾವಣಗೆರೆಗೆ ಹೊರಡಿ ಎಂದು ಕಾಗದ ಬರೆದುಕೊಟ್ಟರು. ಲ್ಯಾಬಣ್ಣ ಶಟರ್ ಎಳೆದು ತಾಯಿ ಮಗಳ ಜೊತೆ ಬಸ್ಸು ಹತ್ತಿದರು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು, ಕೂಸು ಎತ್ತಿಕೊಂಡವರ ಹಾಗೆ ಎಂದು ಆ ತಾಯಿ ಆಮೇಲೆ ನನಗೆ ಹೇಳಿದರು.

ಎಲ್‌ಡಿಎಚ್ ವಿಪರೀತ ಏರಿತ್ತು. ಇಷ್ಟೆಲ್ಲ ಜಾಗ್ರತೆ ಮಾಡಿಯೂ ಲ್ಯಾಬಣ್ಣ ಅದನ್ನು ನಂಬಲಿಲ್ಲ. ಅಲ್ಲಿಯೇ ಹೊಸದಾಗಿ ರಕ್ತ ತೆಗೆಸಿ ಮತ್ತೆ ನೋಡಿಸಿದರು. ಮತ್ತೆ ಏರಿತ್ತು. ಬೀಟಾ ಎಚ್‌ಸಿಜಿ ಸ್ವಲ್ಪ ಹೆಚ್ಚು. ಎಎಫ್‌ಪಿ ಸುಮ್ಮನೆ ಕೂತಿತ್ತು. ಇದನ್ನು ನೋಡಿ ಅಲ್ಲಿನ ತಜ್ಞರು, ಚಿಕಿತ್ಸೆಗೆ ಚೆನ್ನಾಗಿ ಬಗ್ಗುವ ಜಾತಿಯ ಗಡ್ಡೆ ಇರಬೇಕು ಎಂದು ಊಹಿಸಿದರು. ಶಸ್ತ್ರಚಿಕಿತ್ಸೆಯಾಗಿ ತುಣುಕಿನ ಪರೀಕ್ಷೆ ಬಂದ ಮೇಲೆ ಅದೇ ನಿಜವಾಯಿತು. ಎಲ್ಲೂ ಹರಡಿರಲಿಲ್ಲ.

ಈ ಸುದ್ದಿ ಬಂದ ದಿನ ನಾನೇ ಪೇಡೆ ತರಿಸಿದೆ. ಮಂಡಕ್ಕಿ ಅಂಗಡಿಯವನಿಗೂ ಕೊಟ್ಟೆ. ಜಗಳೂರಿನ ಸಂಗತಿಯನ್ನು ನಾನು ಅವನಿಗೆ ಹೇಳಿದ್ದೆ. ಬಸ್ಸಿನ ಪ್ರಶ್ನೆಯನ್ನು ಅವನು ಅಂದಿನಿಂದ ಬಿಟ್ಟ. ಲ್ಯಾಬಣ್ಣನಿಗೆ ಪೇಡೆ ಕೊಡುತ್ತ, ಇನ್ನು ನೀವು ನೆಮ್ಮದಿಯಾಗಿರಬಹುದಲ್ಲ ಎಂದೆ.

“ಯಾಕ್ರಿ?”

“ಒಬ್ಬಳು ಉಳಿದಳಲ್ಲ.”

“ಉಳಿದ್ಲು.” ಪೇಡೆಯನ್ನು ಕಾಗದದ ಮೇಲೆ ಇಟ್ಟರು. “ಇವಳು ಬ್ಯಾರೆ ಹುಡುಗಿ ಯಜಮಾನ್ರೇ.”

ಆ ಜಗಳೂರಿನ ಹುಡುಗಿಯ ಹೆಸರೇನು ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಪುಸ್ತಕದಲ್ಲಿ ತಾಯಿ ಯಾವುದೋ ಸುಳ್ಳು ಹೆಸರು ಬರೆಸಿದ್ದಳಂತೆ. ಆಕೆ ಎರಡನೆಯ ಸಲ ಬಂದಾಗಲಾದರೂ ಕೇಳಬಹುದಿತ್ತು, ಬಾಯಿ ಬರಲಿಲ್ಲವಂತೆ. ಅದಕ್ಕೇ ಬರೀ ತಾಯಿ ಅಂತೀನಿ ಎಂದರು. ಯಾರಿಗೆ, ಯಾವಾಗ ಎಂದು ಅವರು ಹೇಳಲಿಲ್ಲ. ನಾನು ಕೇಳುವ ಅಗತ್ಯವೂ ಇರಲಿಲ್ಲ. ಆ ಮಧ್ಯಾಹ್ನವೂ ಎರಡರ ಮೇಲೆ ಪ್ಲೈವುಡ್ಡಿನ ಆಚೆಯಿಂದ ದನಿ ಕೇಳಿತು. ಎಂದಿನಷ್ಟೇ ತಗ್ಗಿದ, ಎಂದಿನಷ್ಟೇ ಮರ್ಯಾದೆಯ ದನಿ. ಒಂದು ಸಲ ನೋಡಿದೆ, ಎರಡು ಸಲ ನೋಡಿದೆ. ಆಮೇಲೆ ಸ್ವಲ್ಪ ಬಿಡುವು. ಎದುರಿನವರು ಏನೋ ಹೇಳುವಷ್ಟು ಬಿಡುವು. ಆಮೇಲೆ, “ಹೌದು ತಾಯಿ.”

ಎರಡು ವರ್ಷದ ಕೆಳಗೆ ಕಣ್ಣು ಮಂಜಾಯಿತೆಂದು ಲ್ಯಾಬು ಮುಚ್ಚಿ ಚನ್ನಗಿರಿಗೆ ತಂಗಿಯ ಮನೆಗೆ ಹೋದರು. ಹೋಗುವಾಗ ಸೂಕ್ಷ್ಮದರ್ಶಕವನ್ನು ಒಂದು ಶಾಲೆಗೆ ಕೊಟ್ಟರು. ಬೆಂಚನ್ನು ಯಾರಿಗೂ ಕೊಡಲಿಲ್ಲ, ಆಟೋದ ಮೇಲೆ ಕಟ್ಟಿಸಿಕೊಂಡು ಹೋದರು. ಪಕ್ಕದ ಮಳಿಗೆಯಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ದಿನವಿಡೀ ಹಾಡು ಹಾಕಿರುತ್ತಾರೆ. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ನಾನು, ಕೈಯಲ್ಲಿ ಮಾತ್ರೆಯ ಹಾಳೆ ಹಿಡಿದಿದ್ದರೂ, ಎಣಿಸುವುದನ್ನು ಬಿಟ್ಟು ಕೇಳುತ್ತೇನೆ. ಏನನ್ನು ಎಂದು ನನ್ನ ಮನೆಯವರೂ ಕೇಳುವುದಿಲ್ಲ.

ಕಳೆದ ವಾರ ನ್ಯಾಮತಿಯ ಹುಡುಗಿ ಬಂದಿದ್ದಳು. ಡಿಗ್ರಿ ಮುಗಿಸಿ ಅಲ್ಲೇ ಒಂದು ಖಾಸಗಿ ಶಾಲೆಯಲ್ಲಿ ಪಾಠ ಹೇಳುತ್ತಾಳಂತೆ. ಲ್ಯಾಬಣ್ಣ ಚನ್ನಗಿರಿಯಲ್ಲಿ ಹೇಗಿದ್ದಾರೆ ಎಂದು ಕೇಳಿದಳು. ತೀರಿಕೊಂಡ ಸುದ್ದಿ ಹೇಳಿದೆ. ಮೊಬೈಲ್ ಅಂಗಡಿಯ ಕಡೆ ಒಮ್ಮೆ ತಿರುಗಿ ನೋಡಿ, ಬ್ಯಾಗಿನಿಂದ ಹೊಸ ರಕ್ತಪರೀಕ್ಷೆಯ ವರದಿ ತೆಗೆದು, ನೀವೇ ನೋಡ್ರಿ ಎಂದು ಕೌಂಟರಿನ ಮೇಲೆ ಇಟ್ಟಳು. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದೆ. ಅವಳ ಬಲ ಅಂಡಾಶಯ ತೆಗೆದು ನಾಲ್ಕು ವರ್ಷವಾಗಿದೆ. ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಮೂರೂ ಮಿತಿಯೊಳಗಿವೆ.